ಪ್ರಾಡಕ್ಟ್ ಮಾರ್ಕೆಟಿಂಗ್ ತಂಡ ಕಟ್ಟುವುದು ಹೇಗೆ: ಮೊದಲ ನೇಮಕಾತಿಯಿಂದ ತಂಡದ ರಚನೆಯವರೆಗೆ

ಪ್ರಾಡಕ್ಟ್ ಮಾರ್ಕೆಟಿಂಗ್ ಎಂದರೆ ಕಟ್ಟಿದ ಉತ್ಪನ್ನವನ್ನು ಯಾರ ಮುಂದೆ, ಯಾವ ಅರ್ಥದಲ್ಲಿ ಇಡಬೇಕೆಂದು ತೀರ್ಮಾನಿಸುವ ಕೆಲಸ. ಅದಕ್ಕಾಗಿ ತಂಡ ಕಟ್ಟಲು ಹೊರಟವರಿಂದ ಕೇಳಿಬರುವ ದೂರು ಬಹುತೇಕ ಒಂದೇ ಬಗೆಯದು. ಒಳ್ಳೆಯ ಸಂಬಳ ಕೊಟ್ಟು ಅನುಭವಿಯೊಬ್ಬರನ್ನು ತಂದರು. ಮೊದಲ ಕೆಲವು ತಿಂಗಳು ಎಲ್ಲರಿಗೂ ಉತ್ಸಾಹ. ಅರ್ಧ ವರ್ಷ ಕಳೆಯುವಷ್ಟರಲ್ಲಿ ಆ ವ್ಯಕ್ತಿ ಸೇಲ್ಸ್ ತಂಡಕ್ಕೆ ಸ್ಲೈಡ್ ಮಾಡಿಕೊಡುವವರಾಗಿ ಉಳಿದರು. ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟರು. ಕಂಪನಿ ಅದೇ ಹುದ್ದೆಗೆ ಅದೇ ಜಾಹೀರಾತನ್ನು ಮತ್ತೆ ಹಾಕಿತು.

ಹೆಚ್ಚಿನ ಕಡೆ ಎಡವಿರುವುದು ಕ್ರಮದಲ್ಲಿ. ಜನರನ್ನು ಮೊದಲು ತಂದು, ಅವರು ಮಾಡಬೇಕಾದ ಕೆಲಸ ಯಾವುದೆಂದು ಆಮೇಲೆ ಯೋಚಿಸಿದ್ದಾರೆ. ಹಾಗಾಗಿ ಇಲ್ಲಿನ ಹಂತಗಳನ್ನು ಬರೆದ ಕ್ರಮದಲ್ಲಿಯೇ ಅನುಸರಿಸಿ. ಸಂಸ್ಥೆಗಳಿಗೆ ಮಾರುವ ಸಾಫ್ಟ್‌ವೇರ್‌ನಂತಹ ಉತ್ಪನ್ನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನೇರವಾಗಿ ಜನಸಾಮಾನ್ಯರಿಗೆ ಮಾರುವವರು ಎಲ್ಲಿ ಬದಲಾಯಿಸಿಕೊಳ್ಳಬೇಕೋ ಅಲ್ಲಿ ಸೂಚಿಸಿದ್ದೇನೆ.

ಶುರುಮಾಡುವ ಮೊದಲು ಕೈಯಲ್ಲಿ ಏನಿರಬೇಕು

ಕಳೆದ ಎರಡು ತ್ರೈಮಾಸಿಕಗಳಲ್ಲಿ ಗೆದ್ದ ಮತ್ತು ಸೋತ ವ್ಯವಹಾರಗಳ ಪಟ್ಟಿ, ಸೇಲ್ಸ್ ಕರೆಗಳ ಧ್ವನಿಮುದ್ರಣ ಅಥವಾ ಅವುಗಳಲ್ಲಿ ನೇರವಾಗಿ ಕೂರಲು ಅನುಮತಿ, ಎಲ್ಲರೂ ತೆರೆದು ನೋಡಬಹುದಾದ ಒಂದು ದಾಖಲೆ ಜಾಗ, ಒಂದು ಸ್ಪ್ರೆಡ್‌ಶೀಟ್. ಇಷ್ಟು ಸಾಕು. ಪ್ರತಿಸ್ಪರ್ಧಿಗಳ ಮೇಲೆ ಕಣ್ಣಿಡುವ ದುಬಾರಿ ತಂತ್ರಾಂಶವನ್ನು ಈ ಹಂತದಲ್ಲಿ ಕೊಳ್ಳಬೇಡಿ. ಬಂದ ಮಾಹಿತಿಯನ್ನು ಓದಿ ಅರ್ಥೈಸುವವರು ಇಲ್ಲದಿದ್ದರೆ ಅದು ದಿನಕ್ಕಷ್ಟು ಇಮೇಲ್ ಕಳಿಸುವ ಯಂತ್ರವಷ್ಟೇ.

ಹಂತ 1: ವ್ಯವಹಾರ ಎಲ್ಲಿ ಮುರಿಯುತ್ತಿದೆ ಎಂದು ಗುರುತಿಸಿ

ನೇಮಕಾತಿಯ ಜಾಹೀರಾತು ಬರೆಯುವ ಮೊದಲು ಹತ್ತು ಹದಿನೈದು ಸೇಲ್ಸ್ ಕರೆಗಳನ್ನು ಪೂರ್ತಿಯಾಗಿ ಕೇಳಿ. ಸಾರಾಂಶ ಓದಿದರೆ ಸಾಲದು. ಗ್ರಾಹಕರು ಯಾವ ಜಾಗದಲ್ಲಿ ಸುಮ್ಮನಾಗುತ್ತಾರೆ, ಯಾವ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾರೆ, ಮಾರಾಟಗಾರರು ಯಾವ ಸ್ಲೈಡನ್ನು ಓಡಿಸಿಬಿಡುತ್ತಾರೆ ಎಂಬುದು ಸಾರಾಂಶದಲ್ಲಿ ಸಿಗುವುದಿಲ್ಲ.

ಕೇಳಿದ್ದನ್ನು ಐದು ಗುಂಪುಗಳಾಗಿ ವಿಂಗಡಿಸಿ. ನಮ್ಮ ಹೆಸರೇ ಅವರಿಗೆ ಗೊತ್ತಿರಲಿಲ್ಲ. ಹೆಸರು ಗೊತ್ತಿತ್ತು, ನಾವೇನು ಮಾಡುತ್ತೇವೆ ಎಂಬುದು ತಿಳಿಯಲಿಲ್ಲ. ತಿಳಿಯಿತು, ಆದರೆ ಬೇರೆಯವರನ್ನು ಆರಿಸಿಕೊಂಡರು ಅಥವಾ ಏನನ್ನೂ ಕೊಳ್ಳದೆ ಹಳೆಯ ಪದ್ಧತಿಯಲ್ಲೇ ಉಳಿದರು. ಕೊಂಡರು, ಆದರೆ ಬಳಸುತ್ತಿಲ್ಲ. ಉತ್ಪನ್ನವೇ ಅವರ ಅಗತ್ಯಕ್ಕೆ ಸಾಲಲಿಲ್ಲ.

ಇವುಗಳಲ್ಲಿ ನಡುವಿನ ಮೂರು ಮಾತ್ರ ಪ್ರಾಡಕ್ಟ್ ಮಾರ್ಕೆಟಿಂಗ್‌ನ ಕೆಲಸ. ಮೊದಲನೆಯದಕ್ಕೆ ಪ್ರಚಾರ ಮತ್ತು ಬೇಡಿಕೆ ಹುಟ್ಟಿಸುವ ತಂಡ ಬೇಕು. ಕೊನೆಯದನ್ನು ಉತ್ಪನ್ನ ಕಟ್ಟುವವರೇ ಸರಿಪಡಿಸಬೇಕು. ನಿಮ್ಮ ಸೋಲುಗಳ ರಾಶಿ ಆ ಎರಡು ತುದಿಗಳಲ್ಲೇ ಬಿದ್ದಿದ್ದರೆ ಈ ಮಾರ್ಗದರ್ಶಿಯನ್ನು ಇಲ್ಲಿಗೇ ಮುಚ್ಚಿಡಿ. ಈಗ ನೇಮಿಸಿಕೊಂಡರೆ ಬಂದವರ ಸಮಯವೂ ನಿಮ್ಮ ಹಣವೂ ಹಾಳು.

ಇಲ್ಲಿ ಆಗುವ ಸಾಮಾನ್ಯ ತಪ್ಪು ಸಿಆರ್‌ಎಂನಲ್ಲಿ (ಗ್ರಾಹಕರ ಮತ್ತು ವ್ಯವಹಾರಗಳ ವಿವರ ದಾಖಲಿಸುವ ತಂತ್ರಾಂಶ) ನಮೂದಾದ ಸೋಲಿನ ಕಾರಣವನ್ನು ಹಾಗೆಯೇ ನಂಬುವುದು. ಅಲ್ಲಿ ಅರ್ಧಕ್ಕರ್ಧ ಕಡೆ ‘ಬೆಲೆ ಹೆಚ್ಚು’ ಎಂದಿದ್ದರೆ ಆಶ್ಚರ್ಯಪಡಬೇಡಿ. ಮಾರಾಟಗಾರರಿಗೆ ಅದು ಒಂದೇ ಕ್ಲಿಕ್ಕಿನಲ್ಲಿ ಮುಗಿಯುವ ಉತ್ತರ. ಗ್ರಾಹಕರಿಗೂ ಅದು ಯಾರಿಗೂ ನೋವಾಗದ ಉತ್ತರ. ಬೆಲೆ ಹೆಚ್ಚೆಂದು ಹೇಳಿದ ಅನೇಕರು ಅದಕ್ಕಿಂತ ಹೆಚ್ಚು ಬೆಲೆಯ ಉತ್ಪನ್ನ ಕೊಂಡಿರುವುದು ಸ್ವಲ್ಪ ಕೆದಕಿದರೆ ತಿಳಿಯುತ್ತದೆ.

ಹಂತ 2: ಯಾವ ನಿರ್ಧಾರ ಯಾರದು ಎಂದು ಬರೆದಿಡಿ

ಕೆಲಸಗಳ ಪಟ್ಟಿ ಮಾಡಿ ಹಂಚುವುದು ರೂಢಿ. ಅದಕ್ಕಿಂತ ನಿರ್ಧಾರಗಳ ಪಟ್ಟಿ ಮಾಡುವುದು ಉಪಯುಕ್ತ. ಜಗಳ ಹುಟ್ಟುವುದು ಕೊನೆಯ ಮಾತು ಯಾರದು ಎಂಬಲ್ಲಿ.

ಸ್ಪ್ರೆಡ್‌ಶೀಟಿನಲ್ಲಿ ಒಂದೊಂದು ಸಾಲಿಗೆ ಒಂದೊಂದು ನಿರ್ಧಾರ ಬರೆಯಿರಿ: ಉತ್ಪನ್ನವನ್ನು ಯಾರಿಗಾಗಿ, ಯಾವುದಕ್ಕೆ ಪರ್ಯಾಯವಾಗಿ ಮಾರುತ್ತೇವೆ, ವೆಬ್‌ಸೈಟಿನ ಮುಖಪುಟದ ಮೊದಲ ಸಾಲು, ಬೆಲೆ ಮತ್ತು ಪ್ಯಾಕೇಜ್, ಬಿಡುಗಡೆಯ ದಿನಾಂಕ, ಮಾರಾಟದ ಮುಖ್ಯ ಪ್ರೆಸೆಂಟೇಷನ್, ಫೀಚರ್‌ಗಳ ಹೆಸರು. ಪ್ರತಿ ಸಾಲಿನ ಎದುರು ನಿರ್ಧರಿಸುವವರು ಒಬ್ಬರೇ ಇರಲಿ; ಅಭಿಪ್ರಾಯ ಕೊಡುವವರು ಎಷ್ಟು ಜನರಾದರೂ ಇರಲಿ. ಎರಡು ಹೆಸರು ಬರೆದ ಸಾಲು ಖಾಲಿ ಬಿಟ್ಟ ಸಾಲಿಗೆ ಸಮ.

ಏನನ್ನು ಕಟ್ಟಬೇಕು, ಯಾವಾಗ ಎಂಬುದು ಪ್ರಾಡಕ್ಟ್ ಮ್ಯಾನೇಜರ್‌ಗೆ ಸೇರಿದ್ದು. ಕಟ್ಟಿದ್ದನ್ನು ಯಾರ ಮುಂದೆ, ಯಾವ ಅರ್ಥದಲ್ಲಿ ಇಡಬೇಕು ಎಂಬುದು ಪ್ರಾಡಕ್ಟ್ ಮಾರ್ಕೆಟಿಂಗ್‌ಗೆ ಸೇರಿದ್ದು. ಆ ಮಾತನ್ನು ಹೆಚ್ಚು ಜನರಿಗೆ ಮುಟ್ಟಿಸುವುದು ಪ್ರಚಾರ ತಂಡದ ಹೊಣೆ. ಈ ಮೂರರಲ್ಲಿ ಗೊಂದಲ ಕಡಿಮೆ. ನಿಜವಾದ ಹಗ್ಗಜಗ್ಗಾಟ ನಡೆಯುವುದು ಬೆಲೆಯ ಸಾಲಿನಲ್ಲಿ. ಹಣಕಾಸು, ಸೇಲ್ಸ್, ಉತ್ಪನ್ನ ಎಲ್ಲರಿಗೂ ಅಲ್ಲಿ ಪಾಲು ಬೇಕು. ಚಿಕ್ಕ ಕಂಪನಿಯಲ್ಲಿ ಬೆಲೆಯ ಕೊನೆಯ ಮಾತನ್ನು ಮುಖ್ಯಸ್ಥರೇ ಇಟ್ಟುಕೊಂಡು, ಸಂಶೋಧನೆ ಮತ್ತು ಪ್ರಸ್ತಾವವನ್ನು ಪ್ರಾಡಕ್ಟ್ ಮಾರ್ಕೆಟಿಂಗ್‌ಗೆ ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಎಚ್ಚರಿಕೆಯ ಸಂಕೇತ: ಈ ಪಟ್ಟಿ ಮಾಡಲು ಕರೆದ ಸಭೆಯಲ್ಲಿ ‘ಅದೆಲ್ಲ ಹೊಂದಿಕೊಂಡು ಮಾಡೋಣ’ ಎಂಬ ಮಾತು ಬಂದರೆ ಆ ಸಾಲನ್ನು ಗುರುತು ಮಾಡಿಕೊಳ್ಳಿ. ಮೊದಲ ದೊಡ್ಡ ಬಿಡುಗಡೆಯ ಹೊತ್ತಿಗೆ ಬಿರುಕು ಕಾಣಿಸಿಕೊಳ್ಳುವುದು ಅಲ್ಲಿಯೇ.

ಹಂತ 3: ಮೊದಲ ವ್ಯಕ್ತಿಯನ್ನು ಆರಿಸಿ

ಮೊದಲ ನೇಮಕಾತಿಯಲ್ಲಿ ಎರಡು ವಿರುದ್ಧ ತಪ್ಪುಗಳಿವೆ. ಹಿಂದೆ ದೊಡ್ಡ ತಂಡವನ್ನು ನಡೆಸಿದ ಹಿರಿಯರನ್ನು ತರುವುದು ಒಂದು. ಬಂದ ತಕ್ಷಣ ಅವರು ಕೇಳುವುದು ಇನ್ನೂ ಮೂವರನ್ನು, ಏಕೆಂದರೆ ತಮ್ಮ ಕೈಯಿಂದ ಒಂದು ಪುಟ ಬರೆದು ಅವರಿಗೆ ವರ್ಷಗಳಾಗಿವೆ. ಕಡಿಮೆ ಸಂಬಳಕ್ಕೆ ಸಿಗುವ ಹೊಸಬರನ್ನು ತರುವುದು ಇನ್ನೊಂದು. ಅವರು ಚುರುಕಾಗಿರಬಹುದು, ಚೆನ್ನಾಗಿ ಬರೆಯಬಹುದು. ಆದರೆ ಸೇಲ್ಸ್ ಮುಖ್ಯಸ್ಥರು ‘ನಾಳೆಗೆ ಈ ಸ್ಲೈಡ್ ಬೇಕು’ ಎಂದಾಗ ‘ಯಾಕೆ ಬೇಕು’ ಎಂದು ತಿರುಗಿ ಕೇಳುವ ಧೈರ್ಯ ಅವರಲ್ಲಿ ಇರುವುದಿಲ್ಲ.

ಬೇಕಾಗಿರುವುದು ನಡುವಿನವರು: ಎರಡು ಮೂರು ಬಿಡುಗಡೆಗಳನ್ನು ಆರಂಭದಿಂದ ಕೊನೆಯವರೆಗೆ ನಡೆಸಿದವರು, ಈಗಲೂ ತಾವೇ ಬರೆಯುವವರು, ಗ್ರಾಹಕರಿಗೆ ಫೋನ್ ಮಾಡಲು ಹಿಂಜರಿಯದವರು. ನಿಮ್ಮ ಕ್ಷೇತ್ರದಲ್ಲೇ ದುಡಿದಿರಬೇಕು ಎಂಬ ನಿಬಂಧನೆಯನ್ನು ಸಡಿಲಿಸಬಹುದು. ಉತ್ಪನ್ನ ತೀರಾ ತಾಂತ್ರಿಕವಾಗಿದ್ದು, ಕೊಳ್ಳುವವರೂ ಎಂಜಿನಿಯರ್‌ಗಳೇ ಆಗಿದ್ದರೆ ಮಾತ್ರ ಸಡಿಲಿಸಬೇಡಿ. ಅಂತಹ ಓದುಗರು ಮೇಲುಮೇಲಿನ ಜ್ಞಾನವನ್ನು ಎರಡನೆಯ ವಾಕ್ಯದಲ್ಲೇ ಹಿಡಿದುಬಿಡುತ್ತಾರೆ.

ಸಂದರ್ಶನದಲ್ಲಿ ಒಂದು ಅಭ್ಯಾಸ ಕೊಡಿ. ನಿಮ್ಮ ಉತ್ಪನ್ನದ ಮೇಲೆಯೇ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದು ಅನ್ಯಾಯ. ಅಭ್ಯರ್ಥಿಗೆ ಚೆನ್ನಾಗಿ ಗೊತ್ತಿರುವ ಬೇರೊಂದು ಉತ್ಪನ್ನವನ್ನು ಆರಿಸಿಕೊಳ್ಳಲಿ. ಅದನ್ನು ಎರಡು ಬೇರೆ ಬಗೆಯ ಕೊಳ್ಳುವವರಿಗೆ ಅರ್ಧ ಅರ್ಧ ಪುಟದಲ್ಲಿ ವಿವರಿಸಲು ಹೇಳಿ. ಎರಡೂ ವಿವರಣೆಗಳಲ್ಲಿ ಬರೀ ವಿಶೇಷಣಗಳು ಬದಲಾಗಿದ್ದರೆ ಬಿಡಿ. ಯಾವ ಫೀಚರ್ ಅನ್ನು ಮುಂದಿಟ್ಟರು, ಯಾವುದನ್ನು ಪೂರ್ತಿ ಕೈಬಿಟ್ಟರು ಎಂಬುದು ಬದಲಾಗಿದ್ದರೆ ಆ ಅಭ್ಯರ್ಥಿಯನ್ನು ಮುಂದಿನ ಸುತ್ತಿಗೆ ಕರೆಯಿರಿ. ಏನನ್ನು ಹೇಳದೆ ಬಿಡಬೇಕೆಂದು ತಿಳಿದವರು ಅಪರೂಪ.

ಹಿಂದಿನ ಕಂಪನಿಯಲ್ಲಿ ವಿಚಾರಿಸುವಾಗ ಅವರ ಮೇಲಧಿಕಾರಿಯ ಜೊತೆಗೆ ಅಲ್ಲಿನ ಒಬ್ಬ ಮಾರಾಟಗಾರರನ್ನೂ ಕೇಳಿ: ‘ಇವರು ಮಾಡಿಕೊಟ್ಟದ್ದರಲ್ಲಿ ನೀವು ನಿಜವಾಗಿ ಬಳಸಿದ್ದು ಯಾವುದು?’ ಉತ್ತರಿಸಲು ಹೊತ್ತು ಹಿಡಿದರೆ ಅದೂ ಒಂದು ಉತ್ತರವೇ.

ಹಂತ 4: ಮೊದಲ ತೊಂಬತ್ತು ದಿನಗಳನ್ನು ಕಾಯ್ದುಕೊಡಿ

ಮೊದಲ ತಿಂಗಳು ಕೇಳುವುದಕ್ಕೆ, ಎರಡನೆಯದು ಒಂದೇ ಒಂದು ಮುಖ್ಯ ದಾಖಲೆ ಬರೆಯುವುದಕ್ಕೆ, ಮೂರನೆಯದು ಅದನ್ನು ಒಂದು ಸಣ್ಣ ಬಿಡುಗಡೆಯಲ್ಲಿ ಪರೀಕ್ಷಿಸುವುದಕ್ಕೆ. ಹೊಸಬರು ಸೇರಿದ ಮೊದಲ ವಾರವೇ ವೆಬ್‌ಸೈಟ್ ತಿದ್ದುವ ಕೆಲಸ ಹಚ್ಚಬೇಡಿ. ಹಾಗೆ ತಿದ್ದಿದ ವೆಬ್‌ಸೈಟ್ ಹಳೆಯ ಗೊಂದಲವನ್ನೇ ಹೊಸ ಭಾಷೆಯಲ್ಲಿ ಹೇಳುತ್ತದೆ.

ಈ ಅವಧಿಯಲ್ಲಿ ಬರುವ ತುರ್ತು ಬೇಡಿಕೆಗಳನ್ನು ತಡೆಯುವುದು ಹೊಸಬರಿಂದ ಆಗುವುದಿಲ್ಲ. ಅವರ ಮೇಲಧಿಕಾರಿಯೇ ತಡೆಯಬೇಕು.

ಹಂತ 5: ಅಡಿಪಾಯದ ದಾಖಲೆ ಮತ್ತು ಗ್ರಾಹಕರ ಸಂದರ್ಶನ

ಎರಡನೆಯ ತಿಂಗಳ ದಾಖಲೆ ಎಂದರೆ ಪೊಸಿಷನಿಂಗ್ ದಾಖಲೆ, ಅಂದರೆ ಉತ್ಪನ್ನ ಯಾರಿಗಾಗಿ, ಯಾವುದಕ್ಕೆ ಪರ್ಯಾಯವಾಗಿ ಎಂದು ಹೇಳುವ ದಾಖಲೆ. ಇದರಲ್ಲಿ ಘೋಷವಾಕ್ಯ ಇರುವುದಿಲ್ಲ, ಜಾಹೀರಾತಿನ ಸಾಲುಗಳೂ ಇರುವುದಿಲ್ಲ. ಉತ್ತರಿಸಬೇಕಾದ ಪ್ರಶ್ನೆಗಳು ಇವು, ಇದೇ ಕ್ರಮದಲ್ಲಿ: ನಾವಿಲ್ಲದಿದ್ದರೆ ಗ್ರಾಹಕರು ಏನು ಮಾಡುತ್ತಿದ್ದರು? ಆ ಪರ್ಯಾಯದಲ್ಲಿ ಇಲ್ಲದ ಯಾವ ಸಾಮರ್ಥ್ಯ ನಮ್ಮಲ್ಲಿದೆ? ಅದರಿಂದ ಅವರಿಗೆ ಏನು ಲಾಭ? ಆ ಲಾಭದ ಬಗ್ಗೆ ಅತಿ ಹೆಚ್ಚು ತಲೆಕೆಡಿಸಿಕೊಳ್ಳುವವರು ಯಾರು? ಅವರು ನಮ್ಮನ್ನು ಯಾವ ಬಗೆಯ ಉತ್ಪನ್ನಗಳ ಸಾಲಿನಲ್ಲಿ ಹುಡುಕುತ್ತಾರೆ?

ಮೊದಲ ಪ್ರಶ್ನೆಯನ್ನು ಹಾರಿಸಿ ಎರಡನೆಯದರಿಂದ ಆರಂಭಿಸುವುದು ಎಲ್ಲರೂ ಮಾಡುವ ತಪ್ಪು. ಪರ್ಯಾಯ ಎಂದರೆ ಪ್ರತಿಸ್ಪರ್ಧಿ ಕಂಪನಿಯೇ ಆಗಬೇಕಿಲ್ಲ. ಬಹಳ ಸಲ ಅದು ಒಂದು ಸ್ಪ್ರೆಡ್‌ಶೀಟ್, ಇಬ್ಬರು ಗುಮಾಸ್ತರು, ಅಥವಾ ‘ಮುಂದಿನ ವರ್ಷ ನೋಡೋಣ’ ಎಂಬ ತೀರ್ಮಾನ. ಎದುರಾಳಿ ಸ್ಪ್ರೆಡ್‌ಶೀಟ್ ಆಗಿದ್ದಾಗ ಇನ್ನೊಂದು ಸಾಫ್ಟ್‌ವೇರ್ ಜೊತೆ ಹೋಲಿಸುವ ಪಟ್ಟಿ ಮಾಡಿದರೆ ಅದನ್ನು ಓದುವವರೇ ಇರುವುದಿಲ್ಲ.

ಈ ಉತ್ತರಗಳಿಗೆ ಕಚ್ಚಾ ವಸ್ತು ಬರುವುದು ಗೆಲುವು-ಸೋಲಿನ ಸಂದರ್ಶನಗಳಿಂದ, ಅಂದರೆ ಕೊಂಡವರನ್ನೂ ಕೊಳ್ಳದೆ ಬಿಟ್ಟವರನ್ನೂ ಮಾತನಾಡಿಸುವುದರಿಂದ. ಅದಕ್ಕೂ ಒಂದು ಕ್ರಮವಿದೆ.

ತೀರ್ಮಾನವಾದ ಕೆಲವು ವಾರಗಳೊಳಗೆ ಮಾತನಾಡಿಸಿ. ತಡವಾದಷ್ಟೂ ಗ್ರಾಹಕರು ತಮ್ಮ ಆಯ್ಕೆಗೆ ಅಚ್ಚುಕಟ್ಟಾದ ಸಮರ್ಥನೆ ಕಟ್ಟಿಕೊಂಡಿರುತ್ತಾರೆ. ಆ ವ್ಯವಹಾರ ನಡೆಸಿದ ಮಾರಾಟಗಾರರು ಕರೆಯಲ್ಲಿ ಇರಬಾರದು. ಇದ್ದರೆ ಗ್ರಾಹಕರು ದಾಕ್ಷಿಣ್ಯಕ್ಕೆ ಬೀಳುತ್ತಾರೆ. ‘ನಮ್ಮನ್ನು ಯಾಕೆ ಬಿಟ್ಟಿರಿ’ ಎಂದು ಆರಂಭಿಸಬೇಡಿ. ‘ಇಂಥದ್ದೊಂದು ಬೇಕೆಂದು ಮೊದಲು ಅನ್ನಿಸಿದ್ದು ಯಾವಾಗ, ಆಗ ಏನಾಗಿತ್ತು’ ಎಂದು ಕೇಳಿ, ಅಲ್ಲಿಂದ ಕಾಲಕ್ರಮದಲ್ಲಿ ಮುಂದೆ ಬನ್ನಿ. ಯಾರು ಯಾರು ಸಭೆಯಲ್ಲಿದ್ದರು, ಯಾರು ವಿರೋಧಿಸಿದರು, ಪಟ್ಟಿಯಿಂದ ಮೊದಲು ಯಾರ ಹೆಸರು ಹೊಡೆದುಹಾಕಿದರು ಎಂಬ ವಿವರಗಳು ಹಾಗೆಯೇ ಹೊರಬರುತ್ತವೆ. ಅವರ ಮಾತುಗಳನ್ನು ಅವರ ಪದಗಳಲ್ಲೇ ಬರೆದುಕೊಳ್ಳಿ. ನಿಮ್ಮ ಕಚೇರಿಯ ಪರಿಭಾಷೆಗೆ ತಿರುಗಿಸಿದ ಕ್ಷಣವೇ ಅದರ ಬೆಲೆ ಹೋಯಿತು.

ಸೋತವುಗಳಷ್ಟೇ ಗೆದ್ದವುಗಳ ಸಂದರ್ಶನವೂ ಮುಖ್ಯ, ಆದರೆ ಗೆದ್ದಾಗ ಯಾರೂ ಕೇಳಲು ಹೋಗುವುದಿಲ್ಲ. ಮಾರಾಟಗಾರರು ನಂಬಿದ ಕಾರಣಕ್ಕೂ ಗ್ರಾಹಕರು ಕೊಂಡ ಕಾರಣಕ್ಕೂ ಇರುವ ಅಂತರ ಅಲ್ಲಿ ಬಯಲಾಗುತ್ತದೆ. ನೇರವಾಗಿ ಜನರಿಗೆ ಮಾರುವ ಉತ್ಪನ್ನಗಳಲ್ಲಿ ಸೋತ ವ್ಯವಹಾರ ಎಂಬ ದಾಖಲೆಯೇ ಇರುವುದಿಲ್ಲ. ಅಲ್ಲಿ ಇತ್ತೀಚೆಗೆ ಸೇರಿದವರು ಮತ್ತು ಇತ್ತೀಚೆಗೆ ಚಂದಾ ನಿಲ್ಲಿಸಿದವರನ್ನು ಮಾತನಾಡಿಸಿ.

ದಾಖಲೆ ಸಿದ್ಧವಾಯಿತೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಐವರು ಮಾರಾಟಗಾರರನ್ನು ಬೇರೆ ಬೇರೆಯಾಗಿ ಕರೆದು ‘ನಮ್ಮದನ್ನೇ ಯಾಕೆ ಕೊಳ್ಳಬೇಕು’ ಎಂದು ಕೇಳಿ. ಐದು ಬೇರೆ ಉತ್ತರ ಬಂದರೆ ದಾಖಲೆ ಕಡತದಲ್ಲಿದೆ, ಬಳಕೆಗೆ ಬಂದಿಲ್ಲ. ಒಂದೇ ವಾಕ್ಯವನ್ನು ಐವರೂ ಕಂಠಪಾಠ ಒಪ್ಪಿಸಿದರೆ ಅದೂ ಅನುಮಾನಕ್ಕೆ ಕಾರಣ. ಅರ್ಥ ಒಂದೇ ಇದ್ದು ಮಾತು ಅವರವರದೇ ಆಗಿದ್ದರೆ ಸರಿಯಾಗಿದೆ.

ಹಂತ 6: ಬಿಡುಗಡೆಗಳನ್ನು ದರ್ಜೆಗಳಾಗಿ ವಿಂಗಡಿಸಿ

ಪ್ರತಿ ಫೀಚರ್‌ಗೂ ಅದ್ದೂರಿ ಬಿಡುಗಡೆ ಮಾಡಿದರೆ ತಂಡ ಸುಸ್ತಾಗುತ್ತದೆ, ಗ್ರಾಹಕರು ಕಿವಿ ಮುಚ್ಚಿಕೊಳ್ಳುತ್ತಾರೆ. ಮೂರು ದರ್ಜೆ ಸಾಕು. ಹೊಸ ಗ್ರಾಹಕರನ್ನು ತರಬಲ್ಲದ್ದು ಅಥವಾ ಹೊಸ ಮಾರುಕಟ್ಟೆ ತೆರೆಯುವಂಥದ್ದು ಮೊದಲ ದರ್ಜೆ. ಸೇಲ್ಸ್ ತರಬೇತಿ, ಹೊಸ ಪುಟ, ಮಾಧ್ಯಮ, ಗ್ರಾಹಕರ ಅನುಭವ ಎಲ್ಲವೂ ಅದಕ್ಕೆ ಬೇಕು. ಈಗಿರುವ ಗ್ರಾಹಕರಿಗೆ ಗಣನೀಯ ಉಪಯೋಗವಾಗುವಂಥದ್ದು ಎರಡನೆಯದು. ಉಳಿದದ್ದಕ್ಕೆ ಬದಲಾವಣೆಗಳ ಪಟ್ಟಿಯಲ್ಲಿ ಒಂದು ಸಾಲು.

ದರ್ಜೆಯನ್ನು ನಿರ್ಧರಿಸುವುದು ಗ್ರಾಹಕರ ಮೇಲಾಗುವ ಪರಿಣಾಮ, ಕಟ್ಟಲು ಪಟ್ಟ ಶ್ರಮ ಲೆಕ್ಕಕ್ಕಿಲ್ಲ. ಎಂಜಿನಿಯರಿಂಗ್ ತಂಡಕ್ಕೆ ಇದನ್ನು ಮೊದಲೇ ಸ್ಪಷ್ಟಪಡಿಸದಿದ್ದರೆ ವರ್ಷವಿಡೀ ದುಡಿದವರಿಗೆ ‘ಇದು ಮೂರನೆಯ ದರ್ಜೆ’ ಎಂದು ಹೇಳುವ ಕಷ್ಟ ನಿಮ್ಮ ಪಾಲಿಗೆ ಬರುತ್ತದೆ.

ಮೊದಲ ದರ್ಜೆಯ ಬಿಡುಗಡೆಗೆ ತಯಾರಿ ಶುರುವಾಗಬೇಕಾದದ್ದು ತಿಂಗಳುಗಳ ಮುಂಚೆ. ಕ್ರಮ ಹೀಗಿರಲಿ: ಮೊದಲು ಸಂದೇಶ, ನಂತರ ಅದನ್ನು ಪ್ರಾಯೋಗಿಕ ಬಳಕೆದಾರರ ಮುಂದೆ ಪರೀಕ್ಷೆ, ನಂತರ ಸೇಲ್ಸ್ ಮತ್ತು ಗ್ರಾಹಕ ಬೆಂಬಲ ತಂಡಗಳಿಗೆ ತರಬೇತಿ, ಕೊನೆಗೆ ಹೊರಜಗತ್ತಿಗೆ ಘೋಷಣೆ. ಘೋಷಣೆಯನ್ನು ಗ್ರಾಹಕರು ಓದಿ ಕರೆ ಮಾಡಿದಾಗ ಬೆಂಬಲ ತಂಡ ‘ಹಾಗೊಂದು ಬಂದಿದೆಯೇ’ ಎಂದು ಕೇಳಿದರೆ ಮೂರನೆಯ ಮತ್ತು ನಾಲ್ಕನೆಯ ಕೆಲಸ ಅದಲುಬದಲಾಗಿದೆ ಎಂದರ್ಥ.

ಹಂತ 7: ತಂಡ ಬೆಳೆಸುವುದು ಮತ್ತು ರಚನೆ

ಎರಡನೆಯ, ಮೂರನೆಯ ವ್ಯಕ್ತಿ ಯಾವಾಗ ಬೇಕು? ಇಷ್ಟು ಪ್ರಾಡಕ್ಟ್ ಮ್ಯಾನೇಜರ್‌ಗಳಿಗೆ ಇಷ್ಟು ಜನ ಎಂಬ ಅನುಪಾತಗಳನ್ನು ಹೇಳುವವರಿದ್ದಾರೆ. ಆ ಲೆಕ್ಕದಲ್ಲಿ ನನಗೆ ನಂಬಿಕೆಯಿಲ್ಲ. ಒಬ್ಬ ಪ್ರಾಡಕ್ಟ್ ಮ್ಯಾನೇಜರ್ ವರ್ಷಕ್ಕೆ ಎರಡು ಮೊದಲ ದರ್ಜೆಯ ಬಿಡುಗಡೆ ಕೊಡಬಹುದು. ಇನ್ನೊಬ್ಬರ ಪೂರ್ತಿ ಕೆಲಸ ಗ್ರಾಹಕರ ಕಣ್ಣಿಗೆ ಬೀಳದ ಒಳಭಾಗದಲ್ಲಿರಬಹುದು. ಎಣಿಸಬೇಕಾದದ್ದು ವರ್ಷದಲ್ಲಿ ಮೊದಲ ಮತ್ತು ಎರಡನೆಯ ದರ್ಜೆಯ ಬಿಡುಗಡೆ ಎಷ್ಟು, ಒಂದಕ್ಕೊಂದು ಹೋಲದ ಕೊಳ್ಳುವವರ ಗುಂಪು ಎಷ್ಟು ಎಂಬುದನ್ನು. ಮೊದಲನೆಯವರು ಗ್ರಾಹಕರ ಸಂದರ್ಶನವನ್ನು ಸತತವಾಗಿ ಮುಂದೂಡುತ್ತಿದ್ದರೆ ಎರಡನೆಯವರು ಬೇಕಾಗಿದ್ದಾರೆ.

ನಾಲ್ಕು ಜನರಾಗುವಷ್ಟರಲ್ಲಿ ರಚನೆಯ ಪ್ರಶ್ನೆ ಬರುತ್ತದೆ. ಚಾಲ್ತಿಯಲ್ಲಿರುವ ವಿಧಾನಗಳು ಸ್ಥೂಲವಾಗಿ ನಾಲ್ಕು.

ಉತ್ಪನ್ನವಾರು ಹಂಚಿಕೆಯಲ್ಲಿ ಒಬ್ಬೊಬ್ಬರು ಒಂದೊಂದು ಉತ್ಪನ್ನ ಹಿಡಿಯುತ್ತಾರೆ. ಉತ್ಪನ್ನಗಳನ್ನು ಬೇರೆ ಬೇರೆ ಜನ ಬೇರೆ ಬೇರೆಯಾಗಿ ಕೊಳ್ಳುತ್ತಿದ್ದರೆ ಇದು ಸರಿ. ಒಬ್ಬರೇ ಗ್ರಾಹಕರು ಮೂರನ್ನೂ ಕೊಳ್ಳುವಂತಿದ್ದರೆ ಅವರಿಗೆ ಮೂರು ಕಡೆಯಿಂದ ಮೂರು ಕಥೆ ಕೇಳಿಸುತ್ತದೆ.

ಗ್ರಾಹಕವರ್ಗವಾರು ಹಂಚಿಕೆಯಲ್ಲಿ ಒಬ್ಬರಿಗೆ ದೊಡ್ಡ ಸಂಸ್ಥೆಗಳು, ಒಬ್ಬರಿಗೆ ಸಣ್ಣವು, ಅಥವಾ ಒಬ್ಬರಿಗೆ ಆಸ್ಪತ್ರೆಗಳು, ಒಬ್ಬರಿಗೆ ಬ್ಯಾಂಕುಗಳು. ಒಂದೇ ಉತ್ಪನ್ನವನ್ನು ಹಲವರಿಗೆ ಮಾರುವಾಗ ಇದರಷ್ಟು ಒಳ್ಳೆಯ ವಿಧಾನ ಇಲ್ಲ. ಕೊರತೆಯೆಂದರೆ ಹೊಸ ಫೀಚರ್ ಬಂದಾಗ ಅದರ ಹೊಣೆ ಯಾರಿಗೂ ಸೇರುವುದಿಲ್ಲ. ಬಿಡುಗಡೆಯ ಹೊಣೆಯನ್ನು ಪ್ರತ್ಯೇಕವಾಗಿ ಒಬ್ಬರ ಹೆಸರಿಗೆ ಬರೆಯಲೇಬೇಕು.

ಕೆಲಸವಾರು ಹಂಚಿಕೆಯಲ್ಲಿ ಒಬ್ಬರು ಬಿಡುಗಡೆ, ಒಬ್ಬರು ಸೇಲ್ಸ್ ಸಾಮಗ್ರಿ, ಒಬ್ಬರು ಸ್ಪರ್ಧಿಗಳ ಅಧ್ಯಯನ. ಪರಿಣತಿ ಬೇಗ ಬೆಳೆಯುತ್ತದೆ. ಆದರೆ ಸಣ್ಣ ತಂಡದಲ್ಲಿ ಇದನ್ನು ಮಾಡಬೇಡಿ: ಗ್ರಾಹಕರನ್ನು ಪೂರ್ತಿಯಾಗಿ ಅರಿತವರು ಒಬ್ಬರೂ ಇಲ್ಲದಂತಾಗುತ್ತದೆ. ಪ್ರದೇಶವಾರು ಹಂಚಿಕೆ ಬೇಕಾಗುವುದು ಕೊಳ್ಳುವ ರೀತಿ, ಕಾನೂನು ಅಥವಾ ಸ್ಪರ್ಧಿಗಳು ಪ್ರದೇಶದಿಂದ ಪ್ರದೇಶಕ್ಕೆ ನಿಜಕ್ಕೂ ಬದಲಾದಾಗ ಮಾತ್ರ. ಬರೀ ಅನುವಾದಕ್ಕಾಗಿ ಅಲ್ಲ.

ಯಾವುದನ್ನು ಆರಿಸಬೇಕು? ಹಂತ 1ರಲ್ಲಿ ವಿಂಗಡಿಸಿದ ರಾಶಿಯನ್ನು ನೋಡಿ. ‘ಯಾವ ಉತ್ಪನ್ನ ನಮಗೆ ಬೇಕು’ ಎಂದು ಗ್ರಾಹಕರು ಗೊಂದಲಪಡುತ್ತಿದ್ದರೆ ಉತ್ಪನ್ನವಾರು. ‘ಇದು ನಮ್ಮಂಥವರಿಗೆ ಹೊಂದುತ್ತದೆಯೇ’ ಎಂದು ಕೇಳುತ್ತಿದ್ದರೆ ವರ್ಗವಾರು. ಎರಡನ್ನೂ ಬೆರೆಸಿ ಒಬ್ಬೊಬ್ಬರಿಗೆ ಇಬ್ಬರು ಮೇಲಧಿಕಾರಿಗಳನ್ನು ಕೊಡುವ ರಚನೆಯನ್ನು ಹತ್ತು ಜನರೊಳಗಿನ ತಂಡದಲ್ಲಿ ಪ್ರಯತ್ನಿಸಬೇಡಿ. ಚಂದಾ ಆಧಾರಿತ ಗ್ರಾಹಕ ಉತ್ಪನ್ನಗಳಲ್ಲಿ ಹಂಚಿಕೆ ಬೇರೆ ಬಗೆಯದು: ಹೊಸಬರನ್ನು ಸೇರಿಸಿಕೊಳ್ಳುವುದು, ಬಳಕೆಗೆ ತರುವುದು, ಉಳಿಸಿಕೊಳ್ಳುವುದು ಎಂಬ ಹಂತಗಳ ಮೇಲೆ ಜನರನ್ನು ಹಾಕುವುದು ಹೆಚ್ಚು ಫಲಕಾರಿ.

ತಂಡ ಯಾರ ಕೆಳಗೆ ಬರಬೇಕು ಎಂಬುದರ ಬಗ್ಗೆ ಕೊನೆಯಿಲ್ಲದ ಚರ್ಚೆಗಳಿವೆ. ಮಾರ್ಕೆಟಿಂಗ್ ಮುಖ್ಯಸ್ಥರ ಕೆಳಗಿದ್ದರೆ ಪ್ರಚಾರದ ಜೊತೆ ಹೊಂದಿಕೆ ಚೆನ್ನಾಗಿರುತ್ತದೆ, ಉತ್ಪನ್ನದ ಯೋಜನೆ ತಡವಾಗಿ ತಿಳಿಯುತ್ತದೆ. ಉತ್ಪನ್ನ ಮುಖ್ಯಸ್ಥರ ಕೆಳಗಿದ್ದರೆ ಅದಕ್ಕೆ ತದ್ವಿರುದ್ಧ. ಎಲ್ಲಿದ್ದರೂ ಉತ್ಪನ್ನ ಯೋಜನೆಯ ಸಭೆಯಲ್ಲೂ ಮಾರಾಟದ ವಾರದ ಪರಿಶೀಲನೆಯಲ್ಲೂ ಅವರಿಗೆ ಕಾಯಂ ಕುರ್ಚಿ ಇದ್ದರೆ ಸಾಕು. ಇಲ್ಲದಿದ್ದರೆ ಯಾವ ರಚನಾಚಿತ್ರವೂ ಉಪಯೋಗಕ್ಕೆ ಬಾರದು.

ಹಂತ 8: ಅಳತೆ

ಎಷ್ಟು ದಾಖಲೆ ಮಾಡಿದರು, ಎಷ್ಟು ಬಿಡುಗಡೆ ನಡೆಸಿದರು ಎಂದು ಎಣಿಸಿದರೆ ಅವರು ಅದನ್ನೇ ಹೆಚ್ಚಿಸುತ್ತಾರೆ. ಇಡೀ ಕಂಪನಿಯ ಆದಾಯವನ್ನು ಅವರ ಗುರಿಯಾಗಿಸಿದರೆ ಅದರಲ್ಲಿ ಅವರ ಕೈವಾಡ ಎಷ್ಟೆಂದು ತಿಳಿಯುವುದಿಲ್ಲ. ನಡುವಿನ ಅಳತೆಗಳನ್ನು ಹಿಡಿಯಿರಿ: ನಿರ್ದಿಷ್ಟ ಪ್ರತಿಸ್ಪರ್ಧಿ ಎದುರಿದ್ದಾಗ ಗೆಲ್ಲುವ ಪ್ರಮಾಣ, ಹೊಸ ಫೀಚರ್ ಅನ್ನು ಗ್ರಾಹಕರು ನಿಜವಾಗಿ ಬಳಸಲು ಹಿಡಿದ ಸಮಯ, ಹೊಸ ಮಾರಾಟಗಾರರು ಮೊದಲ ವ್ಯವಹಾರ ಮುಗಿಸಲು ಹಿಡಿದ ಸಮಯ, ಮಾಡಿಕೊಟ್ಟ ಸಾಮಗ್ರಿಯಲ್ಲಿ ಬಳಕೆಯಾದ ಪಾಲು. ಎರಡು ಅಥವಾ ಮೂರನ್ನು ಆರಿಸಿ, ಕೆಲಸ ಶುರುವಾಗುವ ಮೊದಲಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಸಣ್ಣ ಸಂಖ್ಯೆಗಳ ಬಗ್ಗೆ ಎಚ್ಚರವಿರಲಿ. ತ್ರೈಮಾಸಿಕಕ್ಕೆ ಹತ್ತೇ ಸ್ಪರ್ಧಾತ್ಮಕ ವ್ಯವಹಾರಗಳಿದ್ದರೆ ಒಂದೇ ಒಂದು ಫಲಿತಾಂಶ ಬದಲಾದರೂ ಗೆಲುವಿನ ಪ್ರಮಾಣ ಶೇ. 40ರಿಂದ ಶೇ. 50ಕ್ಕೆ ಜಿಗಿಯುತ್ತದೆ. ಅಂತಹ ಕಡೆ ಶೇಕಡಾವಾರು ನೋಡಿ ಹಿಗ್ಗುವ, ಕುಗ್ಗುವ ಬದಲು ಹತ್ತು ವ್ಯವಹಾರಗಳನ್ನೂ ಒಂದೊಂದಾಗಿ ಓದಿ.

ಹಂತ 9: ಹಳಿ ತಪ್ಪುತ್ತಿರುವ ಸೂಚನೆಗಳು

ಮಾರಾಟಗಾರರು ತಮ್ಮದೇ ಪ್ರೆಸೆಂಟೇಷನ್ ಮಾಡಿಕೊಂಡು ಓಡಾಡುತ್ತಿದ್ದಾರೆ. ಶಿಸ್ತುಕ್ರಮದ ಮಾತೆತ್ತುವ ಮೊದಲು ಆ ಪ್ರೆಸೆಂಟೇಷನ್ ತರಿಸಿ ನೋಡಿ. ನಿಮ್ಮದರಲ್ಲಿ ಇಲ್ಲದ್ದು ಅದರಲ್ಲಿ ಏನಿದೆಯೋ ಅದೇ ಮುಂದಿನ ತಿದ್ದುಪಡಿ.

ಬಿಡುಗಡೆಯ ದಿನಾಂಕ ತಂಡಕ್ಕೆ ಒಂದು ವಾರ ಮೊದಲು ತಿಳಿಯುತ್ತಿದೆ. ಹಂತ 2ರ ಪಟ್ಟಿಯನ್ನು ಯಾರೂ ತೆರೆದು ನೋಡುತ್ತಿಲ್ಲ. ಒಂದು ಸಲವಾದರೂ ಬಿಡುಗಡೆಯನ್ನು ಮುಂದಕ್ಕೆ ಹಾಕಿಸದ ಹೊರತು ಈ ರೂಢಿ ಹೋಗುವುದಿಲ್ಲ.

ಪ್ರತಿಸ್ಪರ್ಧಿಗಳ ಬಗ್ಗೆ ಮಾರಾಟಗಾರರಿಗೆ ಕೊಡುವ ಮಾಹಿತಿ ಕಾರ್ಡಿನಲ್ಲಿ ಪ್ರತಿಸ್ಪರ್ಧಿಗಳ ದೌರ್ಬಲ್ಯಗಳು ಮಾತ್ರ ಇವೆ. ಅವರು ಎಲ್ಲಿ ನಮಗಿಂತ ಮೇಲು ಎಂದು ಬರೆಯದ ಕಾರ್ಡನ್ನು ಮಾರಾಟಗಾರರು ಮೊದಲ ಕರೆಯ ನಂತರ ನಂಬುವುದಿಲ್ಲ. ಕಾರ್ಡಿನ ಮೇಲೆ ಕೊನೆಯ ಬಾರಿ ತಿದ್ದಿದ ದಿನಾಂಕ ಇರಲಿ.

ತಂಡದ ವಾರವಿಡೀ ಬೇಡಿಕೆಗಳನ್ನು ಪೂರೈಸುವುದರಲ್ಲೇ ಕಳೆಯುತ್ತಿದೆ. ಇದು ಆರಂಭದಲ್ಲಿ ಹೇಳಿದ ರಾಜೀನಾಮೆಗಳಿಗೆ ಮೊದಲ ಮೆಟ್ಟಿಲು. ಎಲ್ಲ ಬೇಡಿಕೆಗಳೂ ಒಂದೇ ಅರ್ಜಿಯ ಮೂಲಕ ಬರುವಂತೆ ಮಾಡಿ. ಅರ್ಜಿಯಲ್ಲಿ ಮೂರು ಪ್ರಶ್ನೆ ಸಾಕು: ಯಾವ ವ್ಯವಹಾರಕ್ಕೆ ಅಥವಾ ಯಾವ ಗ್ರಾಹಕರಿಗೆ, ಯಾವ ದಿನದೊಳಗೆ, ಇದು ಸಿಗದಿದ್ದರೆ ಏನಾಗುತ್ತದೆ. ಮೂರನೆಯದಕ್ಕೆ ಉತ್ತರ ತೋಚದೆ ಎಷ್ಟೋ ಅರ್ಜಿಗಳು ಅರ್ಧಕ್ಕೇ ನಿಲ್ಲುತ್ತವೆ. ಉಳಿದವನ್ನು ವಾರಕ್ಕೊಮ್ಮೆ ಸೇಲ್ಸ್ ಮುಖ್ಯಸ್ಥರ ಮುಂದಿಟ್ಟು, ಈ ವಾರ ಯಾವ ಎರಡು ಎಂದು ಅವರಿಂದಲೇ ಆಯ್ಕೆ ಮಾಡಿಸಿ.